ಫೈನಲ್ ಫ್ಯಾಂಟಸಿ: ಒಂದನ್ನೇ ಹೇಳಬೇಕು, ಯಾವುದು?

ಡೊಂಬಿವಲಿಯವನು · ಶುಕ್ರವಾರ ರಾತ್ರಿ 11:40

ನಿನ್ನೆ ಚಿಂಚ್‌ವಡದಿಂದ ಅಕ್ಕನ ಮಗ ಫೋನ್ ಮಾಡಿದ್ದ. ಹತ್ತನೆಯ ತರಗತಿಯ ಪರೀಕ್ಷೆ ಮುಗಿದಿದೆ, ರಜೆ. "ಮಾವ, ಫೈನಲ್ ಫ್ಯಾಂಟಸಿ ವಿಡಿಯೋ ಗೇಮ್ ಹದಿನಾರು ಇವೆಯಂತೆ. ಯಾವುದರಿಂದ ಶುರು ಮಾಡಲಿ?" ಎಂದು ಕೇಳಿದ. ಒಂದು ಕ್ಷಣವೂ ಯೋಚಿಸದೆ "ಎಂಟು" ಎಂದೆ. ಏಕೆ ಎಂದು ಕೇಳಿದ. ಅರ್ಧ ಗಂಟೆ ಹೇಳಿದೆ. ಫೋನ್ ಇಟ್ಟ ಮೇಲೆ ಗಂಟಲಲ್ಲಿ ಒಂದು ಮೀನಿನ ಮುಳ್ಳು ಸಿಕ್ಕಿಕೊಂಡಂತಾಯಿತು. ಅದೇನೆಂದು ಆಮೇಲೆ ಹೇಳುತ್ತೇನೆ.

ಮೊದಲು ನೀವು ಹೇಳಿ. ಒಂದನ್ನೇ ಹೇಳಬೇಕು. "ಎಲ್ಲವೂ ಅದರದರ ರೀತಿಯಲ್ಲಿ ಚೆನ್ನಾಗಿವೆ" ಎನ್ನುವವರು ಮದುವೆ ಮನೆಯಲ್ಲಿ ಅಡುಗೆ ಹೇಗಿತ್ತು ಎಂದು ಕೇಳಿದಾಗ ಕೊಡುವ ಉತ್ತರವನ್ನು ಇಲ್ಲಿ ಕೊಡಬೇಡಿ. ಟ್ಯಾಕ್ಟಿಕ್ಸ್ ಮುಂತಾದ ಕವಲುಗಳು ಬೇಡ, ಸಂಖ್ಯೆ ಇರುವವು ಮಾತ್ರ.

ಎಂಟರ ಪರವಾಗಿ ನನ್ನ ವಾದ ಇಷ್ಟು. 1999ರಲ್ಲಿ ಎಲ್ಲರೂ ಏಳರಂತಹದ್ದೇ ಇನ್ನೊಂದು ಬರುತ್ತದೆ ಎಂದು ಕಾಯುತ್ತಿದ್ದರು. ಬಂದದ್ದು ಮುಖ ಗಂಟಿಕ್ಕಿಕೊಂಡ ಹದಿನೇಳರ ಹುಡುಗ ಸ್ಕ್ವಾಲ್, ಕೂಲಿ ಸೈನಿಕರನ್ನು ತಯಾರಿಸುವ ಒಂದು ಶಾಲೆ, ಮತ್ತು ಯಾರಿಗೂ ಅರ್ಥವಾಗದ ಜಂಕ್ಷನ್ ಪದ್ಧತಿ. ಮಂತ್ರಗಳನ್ನು ಶತ್ರುಗಳಿಂದ ಸೆಳೆದು, ಒಂದೊಂದನ್ನೂ ನೂರರವರೆಗೆ ಕೂಡಿಟ್ಟು, ಅವನ್ನು ಶಕ್ತಿಗೋ ಪ್ರಾಣಕ್ಕೋ ಕಟ್ಟಬೇಕು. ಕಟ್ಟಿದ ಮೇಲೆ ಆ ಮಂತ್ರವನ್ನು ಪ್ರಯೋಗಿಸಿದರೆ ನಿಮ್ಮ ಬಲವೇ ಇಳಿಯುತ್ತದೆ. ಉಳಿತಾಯ ಖಾತೆಯಂತೆ, ಮುಟ್ಟಲು ಮನಸ್ಸು ಬಾರದು. ಆ ಮೇಲೆ ಟಿಂಬರ್ ಊರಿನ ರೈಲಿನ ಕಾರ್ಯಾಚರಣೆ. ಓಡುವ ರೈಲಿನ ಮೇಲಿಂದ ನೇತಾಡುತ್ತಾ ಬೋಗಿಗಳ ಕೊಂಡಿ ಕಳಚಲು ಸಂಕೇತ ಒತ್ತಬೇಕು. ದಿನವೂ 8:12ರ ಫಾಸ್ಟ್ ಲೋಕಲ್‌ನ ಬಾಗಿಲಲ್ಲಿ ನೇತಾಡಿಕೊಂಡು ಕಾಲೇಜಿಗೆ ಹೋಗುತ್ತಿದ್ದ ನನಗೆ ಅದು ಕಲ್ಪನಾ ಲೋಕ ಅನ್ನಿಸಲೇ ಇಲ್ಲ.

ಹಿಂಜವಡಿ ಗ್ಯಾಂಬಿಟ್ · ರಾತ್ರಿ 11:58

ಹನ್ನೆರಡು. ಚರ್ಚೆ ಮುಗಿಯಿತು, ಎಲ್ಲರೂ ಮಲಗಬಹುದು.

ಡೊಂಬಿವಲಿಯವನು · ರಾತ್ರಿ 12:03

ಕಾರಣ ಹೇಳದವರ ಮತ ಎಣಿಸುವುದಿಲ್ಲ.

ಹಿಂಜವಡಿ ಗ್ಯಾಂಬಿಟ್ · ರಾತ್ರಿ 12:21

ಸರಿ. 2006ರಲ್ಲಿ ಬಂದ ಹನ್ನೆರಡನೆಯದರಲ್ಲಿ ಗ್ಯಾಂಬಿಟ್ ಎಂಬುದಿದೆ. "ಜೊತೆಗಾರರ ಪ್ರಾಣ ಶೇ. 40ಕ್ಕಿಂತ ಇಳಿದರೆ ಮದ್ದು ಮಾಡು", "ಶತ್ರು ಹಾರುವವನಾದರೆ ಬಾಣ ಬಿಡು" ಎಂಬಂತಹ ಷರತ್ತುಗಳನ್ನು ಸಾಲಾಗಿ ಬರೆದಿಟ್ಟರೆ ಪಾತ್ರಗಳು ತಾವೇ ಹೋರಾಡುತ್ತವೆ. ತಮಾಷೆಯೆಂದರೆ ಆ ಷರತ್ತುಗಳನ್ನೂ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕು! ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಹಗಲೆಲ್ಲ ಕಚೇರಿಯಲ್ಲಿ "ಹೀಗಾದರೆ ಹೀಗೆ ಮಾಡು" ಎಂದು ಬರೆಯುವುದು, ರಾತ್ರಿ ಮನೆಗೆ ಬಂದು ಅದನ್ನೇ ಬರೆಯುವುದು. ವ್ಯತ್ಯಾಸವೆಂದರೆ ಮನೆಯಲ್ಲಿ ಬರೆದದ್ದು ಕೆಲಸ ಮಾಡುತ್ತಿತ್ತು.

ಯಾಜ್ಮ್ಯಾಟ್ ಎಂಬ ಡ್ರ್ಯಾಗನ್ ಒಂದಿದೆ. ಅದರ ಪ್ರಾಣಬಲ 5 ಕೋಟಿಗೂ ಹೆಚ್ಚು, ಮೂಲ ಆಟದಲ್ಲಿ ಒಂದು ಏಟಿಗೆ 9999ಕ್ಕಿಂತ ಹೆಚ್ಚು ತಗಲುವುದಿಲ್ಲ. ಲೆಕ್ಕ ಹಾಕಿಕೊಳ್ಳಿ. ಗ್ಯಾಂಬಿಟ್ ಹೊಂದಿಸಿ, ಅನ್ನಕ್ಕೆ ಇಟ್ಟು, ಉಂಡು, ಪಾತ್ರೆ ತೊಳೆದು ಬಂದೆ. ಇನ್ನೂ ಹೊಡೆಯುತ್ತಿದ್ದರು.

ಥಾಣೆ ತಡರಾತ್ರಿ · ರಾತ್ರಿ 12:30

ಅಂದರೆ ನೀವು ಆಡಲಿಲ್ಲ. ಕುಕ್ಕರ್ ಇಟ್ಟು ಸೀಟಿ ಎಣಿಸಿದಿರಿ.

ಏಳು ಎನ್ನದೆ ಬೇರೆ ಏನನ್ನು ಹೇಳಲಿ? ಜನವರಿ 1997, ಮೂರು ಡಿಸ್ಕ್. ನಾನು ಆಡಿದ್ದು ನಾಲ್ಕು ವರ್ಷ ತಡವಾಗಿ, ಅಣ್ಣನ ಪ್ಲೇಸ್ಟೇಷನ್‌ನಲ್ಲಿ. ಒಂದು ಮೆಮೊರಿ ಕಾರ್ಡ್‌ನಲ್ಲಿ ಹದಿನೈದು ಖಾನೆ, ಅದರಲ್ಲಿ ಹದಿನಾಲ್ಕು ಅವನ ಕ್ರಿಕೆಟ್‌ಗೆ ಮತ್ತು ಕುಸ್ತಿಗೆ. ಉಳಿದ ಒಂದೇ ಒಂದು ನನ್ನದು.

ನಾನು ಏರಿತ್‌ಳನ್ನೇ ಬೆಳೆಸಿದೆ. (ಆಗಿನ ಇಂಗ್ಲಿಷ್ ಆವೃತ್ತಿಯಲ್ಲಿ ಅವಳು "ಏರಿಸ್". ಇಂದಿಗೂ ನನ್ನ ಬಾಯಿಗೆ ಅದೇ ಬರುತ್ತದೆ.) ಗುಹೆಯಲ್ಲಿ ಮಲಗಿರುವವನಿಂದ ಮಿಥ್ರಿಲ್ ಎಂಬ ಲೋಹ ಸಂಪಾದಿಸಿ, ಅದನ್ನು ಆಯುಧ ಮಾರುವವನಿಗೆ ಕೊಟ್ಟು, ಅವನ ಮನೆಯ ಎರಡು ಪೆಟ್ಟಿಗೆಗಳಲ್ಲಿ ಸರಿಯಾದದ್ದನ್ನೇ ತೆರೆದು, ಅವಳ ಕೊನೆಯ ವಿದ್ಯೆ "ಗ್ರೇಟ್ ಗಾಸ್ಪೆಲ್" ಗಳಿಸಿದೆ. ಎರಡು ಭಾನುವಾರಗಳು ಅದಕ್ಕೇ ಹೋದವು. ಆಮೇಲೆ ಮೊದಲ ಡಿಸ್ಕಿನ ಕೊನೆಯಲ್ಲಿ ಅವಳು ಸಾಯುತ್ತಾಳೆ ಎಂಬುದು ಜಗತ್ತಿಗೇ ಗೊತ್ತು. ಅಳು ಬಂದದ್ದು ಅವಳಿಗಾಗಿಯೋ ಎರಡು ಭಾನುವಾರಗಳಿಗಾಗಿಯೋ ಎಂದು ಈಗಲೂ ಖಚಿತವಾಗಿ ಹೇಳಲಾರೆ.

2020ರ ಮತ್ತು 2024ರ ಮರುಸೃಷ್ಟಿಗಳನ್ನು ಇದರಲ್ಲಿ ಸೇರಿಸಬೇಡಿ. ಅವು ಚೆನ್ನಾಗಿವೆ. ಅದೇ ತೊಂದರೆ.

ಮುಲುಂಡ್ ಭಾಗವತ · ಶನಿವಾರ ಬೆಳಗ್ಗೆ 7:15

ನೀವೆಲ್ಲ ಮಲಗಿದ ಮೇಲೆ ಎದ್ದವನು ನಾನು. ಆ ಹುಡುಗನಿಗೆ ಮೊದಲು ಒಂದು ವಿಷಯ ಹೇಳಿ: ಹದಿನಾರು ಭಾಗ ಎಂದರೆ ಹದಿನಾರು ಅಧ್ಯಾಯಗಳಲ್ಲ, ಯಕ್ಷಗಾನದ ಹದಿನಾರು ಪ್ರಸಂಗಗಳಿದ್ದಂತೆ. ಒಂದರ ಕಥೆಗೂ ಇನ್ನೊಂದರ ಕಥೆಗೂ ಸಂಬಂಧವಿಲ್ಲ. ಮೇಳ ಒಂದೇ, ವೇಷದ ಪೆಟ್ಟಿಗೆ ಒಂದೇ. 1988ರ ಎರಡನೆಯ ಭಾಗದಲ್ಲಿ ಮೊದಲು ಕಾಣಿಸಿಕೊಂಡ ಚೊಕೊಬೊ ಹಕ್ಕಿ ಮುಂದೆಯೂ ಬರುತ್ತದೆ. ಸಿಡ್ ಎಂಬ ಹೆಸರಿನವನೊಬ್ಬ ಇರುತ್ತಾನೆ, ಪ್ರತಿ ಸಲವೂ ಬೇರೆಯ ಮನುಷ್ಯ. ನೊಬುವೊ ಉಯೆಮಾತ್ಸು 1987ರ ಮೊದಲ ಆಟಕ್ಕೆ ಮಾಡಿದ ಪ್ರಿಲ್ಯೂಡ್ ಎಂಬ ಏರಿಳಿಯುವ ಸ್ವರಮಾಲೆ ಕೇಳಿದರೆ ನನಗೆ ಚೌಕಿಯಿಂದ ಚೆಂಡೆಯ ಸದ್ದು ಬಂದಷ್ಟೇ ಸಮಾಧಾನ. ಆಟ ಶುರುವಾಗುತ್ತಿದೆ, ಕುಳಿತುಕೊಳ್ಳಬಹುದು.

ನನ್ನ ಆಯ್ಕೆ ಆರು, 1994. ಕಾರಣ ಕೆಫ್ಕಾ. ಉಳಿದ ಭಾಗಗಳಲ್ಲಿ ಖಳನೆಂದರೆ ಬಣ್ಣದ ವೇಷ. ಬರುವಾಗಲೇ ಅಬ್ಬರ, ನೀಳ ಕತ್ತಿ, ಹಿಂದಿನಿಂದ ಗಾಯಕವೃಂದ. ಆರರಲ್ಲಿ ಚಕ್ರವರ್ತಿಯ ಆಸ್ಥಾನದಲ್ಲಿ ಬಣ್ಣಬಣ್ಣದ ಬಟ್ಟೆ ತೊಟ್ಟ ಒಬ್ಬ ಹಾಸ್ಯಗಾರ ಇದ್ದಾನೆ. ಮರುಭೂಮಿಯಲ್ಲಿ ನಿಂತು ಬೂಟಿನ ಮೇಲಿನ ಮರಳು ಒರೆಸಿ ಎಂದು ಸಿಪಾಯಿಗಳನ್ನು ಗದರಿಸುತ್ತಾನೆ. ನೀವು ನಗುತ್ತೀರಿ. ನಗು ನಿಲ್ಲುವ ಮೊದಲೇ ಅವನು ಡೋಮಾ ಕೋಟೆಯ ನೀರಿಗೆ ವಿಷ ಬೆರೆಸುತ್ತಾನೆ. ಆಟದ ನಡುವಿಗೆ ಬರುವಷ್ಟರಲ್ಲಿ ಚಕ್ರವರ್ತಿಯನ್ನೇ ಕೊಂದು ಲೋಕವನ್ನು ಒಡೆದುಹಾಕುತ್ತಾನೆ. ಹಾಸ್ಯಗಾರನೇ ಬಣ್ಣದ ವೇಷದ ಕಿರೀಟ ಕಿತ್ತು ತಲೆಗಿಟ್ಟುಕೊಂಡರೆ ಹೇಗೆ? ಮತ್ತೆ ಗಮನಿಸಿ, ನಾಯಕರು ಸೋತಿದ್ದಾರೆ. ಅರ್ಧ ಆಟ ಉಳಿದಿದೆ. ಆ ಧೈರ್ಯವನ್ನು ಈ ಸರಣಿ ಇನ್ನೊಮ್ಮೆ ಅಷ್ಟರ ಮಟ್ಟಿಗೆ ತೋರಿಸಲಿಲ್ಲ ಎಂಬುದು ನನ್ನ ತೀರ್ಮಾನ.

ವಾಸ್ಕೊ ಬಂಗುಡೆ · ಬೆಳಗ್ಗೆ 9:02

ನನ್ನದೂ ಆರು, ಆದರೆ ಒಂದು ಅವಮಾನದ ಕಥೆಯೊಂದಿಗೆ.

ಲೋಕ ಒಡೆದ ಮೇಲೆ ನಾಯಕರ ಗುಂಪಿನ ಸೆಲೆಸ್ ಒಂದು ಒಂಟಿ ದ್ವೀಪದಲ್ಲಿ ಕಣ್ಣು ತೆರೆಯುತ್ತಾಳೆ. ಜೊತೆಗಿರುವುದು ಮುದುಕ ಸಿಡ್ ಒಬ್ಬನೇ. ಅವನಿಗೆ ಕಾಯಿಲೆ. ನೀವು ಕಡಲತೀರಕ್ಕೆ ಹೋಗಿ ಮೀನು ಹಿಡಿದು ತಂದು ಅವನಿಗೆ ತಿನ್ನಿಸಬೇಕು. ಬೇರೆ ಏನೂ ಇಲ್ಲ. ಯುದ್ಧವಿಲ್ಲ, ಮಂತ್ರವಿಲ್ಲ, ಮೀನು ಅಷ್ಟೆ. ನಾನು ಹಳೆಯ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಎಮ್ಯುಲೇಟರ್‌ನಲ್ಲಿ ಆಡುತ್ತಿದ್ದೆ, ಅವಸರ ಬೇರೆ. ನಿಧಾನವಾಗಿ ತೇಲುತ್ತಿದ್ದ, ಸುಲಭವಾಗಿ ಕೈಗೆ ಸಿಗುವ ಮೀನುಗಳನ್ನೇ ಹಿಡಿದು ಹಿಡಿದು ಕೊಟ್ಟೆ. ಸಿಡ್ ಸತ್ತ.

ಆಮೇಲೆ ತಿಳಿಯಿತು. ಚುರುಕಾಗಿ ಓಡುವ ಮೀನು ಕೊಟ್ಟರೆ ಬದುಕುತ್ತಾನೆ, ಮಂದ ಮೀನು ಕೊಟ್ಟರೆ ಸಾಯುತ್ತಾನೆ. ನಾನು ಯಾರ ಮಗಳು ಗೊತ್ತೇ? ಮಲ್ಪೆಯಿಂದ ಬಂದು ಇಲ್ಲಿ ಮೂವತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದವಳ ಮಗಳು. ಕಿವಿರು ಎತ್ತಿ ನೋಡದೆ ಒಂದು ಬೂತಾಯಿಯನ್ನೂ ಅಮ್ಮ ಮನೆಯೊಳಗೆ ಬಿಟ್ಟವಳಲ್ಲ. ನಡೆದದ್ದನ್ನು ಅವಳಿಗೆ ಹೇಳಿದಾಗ ಅವಳು ಆಟದ ಬಗ್ಗೆ ಏನೂ ಕೇಳಲಿಲ್ಲ. "ಈಜಲಾರದ ಮೀನನ್ನು ರೋಗಿಗೆ ಕೊಟ್ಟೆಯಾ?" ಎಂದಳು. ಅಷ್ಟೆ.

ಸಿಡ್ ಸತ್ತರೂ ಆಟ ನಿಲ್ಲುವುದಿಲ್ಲ. ಸೆಲೆಸ್ ಬಂಡೆಯ ತುದಿಗೆ ಹೋಗುತ್ತಾಳೆ, ಬೀಳುತ್ತಾಳೆ, ಬದುಕುತ್ತಾಳೆ. ದಡದಲ್ಲಿ ಗಾಯಗೊಂಡ ಹಕ್ಕಿಗೆ ಯಾರೋ ಕಟ್ಟಿದ ಬಟ್ಟೆ ಕಾಣುತ್ತದೆ. ಅದು ಯಾರದೆಂದು ಅವಳಿಗೆ ಗೊತ್ತು. ಮುಂದಿನ ಸಲ ಚುರುಕು ಮೀನು ಕೊಟ್ಟು ಅವನನ್ನು ಉಳಿಸಿಕೊಂಡೆ. ನಿಜ ಹೇಳಲೇ? ಕಥೆ ಸಪ್ಪೆಯೆನಿಸಿತು.

ಮುಲುಂಡ್ ಭಾಗವತ · ಬೆಳಗ್ಗೆ 9:20

ನಿಮ್ಮ ತಾಯಿಯವರ ಮಾತಿಗೆ ನನ್ನ ನಮಸ್ಕಾರ ತಿಳಿಸಿ.

ಪರ್ವರಿ ಪಯಣಿಗ · ಬೆಳಗ್ಗೆ 10:11

ಹದಿನೈದು. ನಾಲ್ವರು ಗೆಳೆಯರು, ಒಂದು ಕಾರು, ಶುರುವಿನಲ್ಲೇ ಅದು ಕೆಟ್ಟು ನಿಂತು ತಳ್ಳಬೇಕು. ಪನ್ವೇಲ್ ದಾಟಿ ನಾವು ನಾಲ್ವರು ತಳ್ಳಿದ್ದೇವೆ. ರಾಜ್ಯ, ಸಿಂಹಾಸನ, ದೇವತೆಗಳ ಕಥೆ ನನಗೆ ತಲೆಗೆ ಹತ್ತಲಿಲ್ಲ. ಇಗ್ನಿಸ್ ರಾತ್ರಿ ಡೇರೆಯ ಮುಂದೆ ಅಡುಗೆ ಮಾಡುತ್ತಾನೆ, ಅದು ಸಾಕು.

ಕೋಥ್ರೂಡ್ ಅಕ್ಕ · ಬೆಳಗ್ಗೆ 11:34

ಹತ್ತನ್ನು ಇಲ್ಲಿಯವರೆಗೆ ಯಾರೂ ಹೇಳಿಲ್ಲವೆಂದರೆ ಈ ಗುಂಪಿನ ಬಗ್ಗೆ ನನಗೆ ಚಿಂತೆಯಾಗುತ್ತಿದೆ.

2001ರ ಆಟ, ಪ್ಲೇಸ್ಟೇಷನ್ 2. ಸರಣಿಯಲ್ಲಿ ಪಾತ್ರಗಳು ಬಾಯಿಬಿಟ್ಟು ಮಾತನಾಡಿದ್ದು ಇದರಲ್ಲೇ ಮೊದಲು. ಕಥೆ ಎಂದರೆ ಒಂದು ಯಾತ್ರೆ. ಯೂನಾ ಎಂಬ ಹುಡುಗಿ ಗುಡಿಯಿಂದ ಗುಡಿಗೆ ನಡೆಯುತ್ತಾಳೆ, ಪ್ರಾರ್ಥಿಸುತ್ತಾಳೆ, ಶಕ್ತಿ ಪಡೆಯುತ್ತಾಳೆ. ಯಾತ್ರೆಯ ಕೊನೆಯಲ್ಲಿ ಅವಳಿಗೆ ಏನು ಕಾದಿದೆ ಎಂಬುದು ಜೊತೆಗಿರುವ ಎಲ್ಲರಿಗೂ ಗೊತ್ತು, ನಾಯಕ ಟೀಡಸ್‌ಗೆ ಮಾತ್ರ ಗೊತ್ತಿಲ್ಲ. ಅವನು ದಾರಿಯುದ್ದಕ್ಕೂ "ಮುಗಿದ ಮೇಲೆ ಅಲ್ಲಿಗೆ ಹೋಗೋಣ, ಇಲ್ಲಿಗೆ ಹೋಗೋಣ" ಎನ್ನುತ್ತಿರುತ್ತಾನೆ. ಎರಡನೆಯ ಸಲ ಆಡುವಾಗ ಆ ಮಾತುಗಳನ್ನು ಕೇಳುವುದು ಕಷ್ಟ.

ನಾನು ಆಡುತ್ತಿದ್ದ ಕಾಲದಲ್ಲಿ ಪುಣೆಯಲ್ಲಿ ಲೋಡ್ ಶೆಡ್ಡಿಂಗ್ ಇತ್ತು. ದೃಶ್ಯಗಳನ್ನು ದಾಟಿಸುವ ಸೌಲಭ್ಯ ಆ ಆಟದಲ್ಲಿಲ್ಲ. ಗಗಾಜೆಟ್ ಪರ್ವತದ ಮೇಲೆ ಖಳ ಸೀಮೋರ್ ಎದುರು ಸೋತರೆ ಅದೇ ಮಾತುಕತೆಯನ್ನು ಮತ್ತೆ ಪೂರ್ತಿ ಕೇಳಬೇಕು, ಅಷ್ಟರಲ್ಲಿ ಕರೆಂಟ್ ಹೋಗುವ ಹೊತ್ತು. ಗೋಡೆಗೆ ಕರೆಂಟ್ ಹೋಗುವ ಸಮಯದ ಪಟ್ಟಿ ಅಂಟಿಸಿ ಅದಕ್ಕೆ ತಕ್ಕಂತೆ ಯಾತ್ರೆ ಮಾಡಿಸಿದವಳು ನಾನು.

ಅತ್ತೆ ಆಗ ನಮ್ಮ ಜೊತೆಗಿದ್ದರು. ಧಾರವಾಡದವರು, ಟಿವಿಯಲ್ಲಿ ಏನು ಬಂದರೂ ನೋಡುವವರು. ಕಿಲಿಕಾ ಎಂಬ ಬಂದರು ನಾಶವಾದ ಮೇಲೆ ಯೂನಾ ಬರಿಗಾಲಲ್ಲಿ ನೀರಿನ ಮೇಲೆ ನಡೆದು, ಸತ್ತವರನ್ನು ಕಳುಹಿಸಲು ಕುಣಿಯುತ್ತಾಳೆ. ಅತ್ತೆ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. "ಯಾರಿಲ್ಲೇನು ಆ ಊರಾಗ, ಈ ಹುಡುಗಿನೇ ಎಲ್ಲಾರ ಕರ್ಮಾ ಮಾಡಬೇಕೇನು?" ಎಂದು ಕೇಳಿದರು. ಅಂದಿನಿಂದ ನಾನು ಒಬ್ಬಳೇ ಆಡಲಿಲ್ಲ. ಗುಡುಗಿನ ಬಯಲಿನಲ್ಲಿ ಒಂದು ಬಹುಮಾನಕ್ಕಾಗಿ ಸತತ 200 ಸಿಡಿಲುಗಳಿಂದ ತಪ್ಪಿಸಿಕೊಳ್ಳಬೇಕು. ಜಪಸರ ಹಿಡಿದು ಲೆಕ್ಕ ಇಟ್ಟವರು ಅವರೇ.

ಥಾಣೆ ತಡರಾತ್ರಿ · ಮಧ್ಯಾಹ್ನ 12:05

ಅಕ್ಕಾ, ಅತ್ತೆಯವರು ಶಿವನನ್ನು ನೋಡಿ ಏನೆಂದರು?

ಕೋಥ್ರೂಡ್ ಅಕ್ಕ · ಮಧ್ಯಾಹ್ನ 12:19

ಗೊತ್ತಿಲ್ಲದವರಿಗೆ: 1990ರ ಮೂರನೆಯ ಭಾಗದಿಂದ ಈ ಸರಣಿಯಲ್ಲಿ ಆವಾಹಿಸುವ ಶಕ್ತಿಗಳಿವೆ, ಅದರಲ್ಲಿ "ಶಿವ" ಹಿಮದ ದೇವತೆ, ಹೆಣ್ಣು, ನೀಲಿ ಮೈ. ಅತ್ತೆ ಸ್ವಲ್ಪ ಹೊತ್ತು ದಿಟ್ಟಿಸಿ "ಕೈಲಾಸದಾಗ ಹಿಮ ಐತಲ್ಲ, ಲೆಕ್ಕ ತಪ್ಪಿಲ್ಲ" ಎಂದರು. ಹದಿಮೂರರಲ್ಲಿ ಶಿವ ಇಬ್ಬರು ಅಕ್ಕತಂಗಿಯರಾಗಿ, ಇಬ್ಬರೂ ಸೇರಿ ಒಂದು ಮೋಟಾರ್ ಸೈಕಲ್ ಆಗುವುದನ್ನು ಅವರಿಗೆ ತೋರಿಸುವ ಧೈರ್ಯ ನನಗೆ ಬರಲಿಲ್ಲ.

ಹಿಂಜವಡಿ ಗ್ಯಾಂಬಿಟ್ · ಮಧ್ಯಾಹ್ನ 1:40

ಡೊಂಬಿವಲಿಯವರೇ, ಆ ಮೀನಿನ ಮುಳ್ಳು ಏನಾಯಿತು?

ಡೊಂಬಿವಲಿಯವನು · ಮಧ್ಯಾಹ್ನ 2:26

ಹೇಳುತ್ತೇನೆ, ನಗಬೇಡಿ. ನಾನು ಎಂಟನ್ನು ಮುಗಿಸಿಲ್ಲ.

ಅದು ನಾಲ್ಕು ಡಿಸ್ಕಿನ ಆಟ. ಗ್ರಾಂಟ್ ರೋಡ್ ನಿಲ್ದಾಣದ ಬಳಿ ಒಂದು ಅಂಗಡಿಯಿಂದ ನಕಲು ತಂದಿದ್ದೆ. ಹೊದಿಕೆಯ ಮೇಲೆ ಬೇರೆ ಯಾವುದೋ ಆಟದ ಚಿತ್ರವಿತ್ತು, ಆಗಲೇ ಅನುಮಾನ ಬರಬೇಕಿತ್ತು. ಮೂರನೆಯ ಡಿಸ್ಕ್‌ನಲ್ಲಿ ನಾಯಕಿ ರಿನೋವಾ ಬಾಹ್ಯಾಕಾಶದಲ್ಲಿ ತೇಲಿಹೋಗುತ್ತಾಳೆ. ಸ್ಕ್ವಾಲ್ ಅವಳನ್ನು ಹಿಡಿಯಲು ಹೊರಗೆ ಹಾರುತ್ತಾನೆ. ಕೈ ಚಾಚುತ್ತಾನೆ. ಚಿತ್ರ ನಿಲ್ಲುತ್ತದೆ. ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದೆ. ಫ್ರಿಜ್‌ನಲ್ಲಿಟ್ಟೆ. ಅಂಗಡಿಯವನು ಬನಿಯನ್‌ನಿಂದ ಒರೆಸಿ "ಈಗ ಓಡುತ್ತದೆ" ಎಂದ. ಕೈ ಚಾಚಿದವನು ಚಾಚಿಯೇ ಇದ್ದ. ನಾಲ್ಕನೆಯ ಡಿಸ್ಕ್ ಯಂತ್ರದ ಮುಖ ನೋಡದೆ ಇಂದಿಗೂ ಕನ್ನಡಿಯಂತೆ ಹೊಳೆಯುತ್ತಿದೆ.

ಇಪ್ಪತ್ತು ವರ್ಷಗಳಿಂದ ಸಿಕ್ಕವರಿಗೆಲ್ಲ ಎಂಟೇ ಶ್ರೇಷ್ಠ ಎಂದು ಹೇಳುತ್ತಾ ಬಂದಿದ್ದೇನೆ. ಮೊನ್ನೆ ಹುಡುಗ "ಕೊನೆ ಹೇಗಿದೆ ಮಾವ?" ಎಂದು ಕೇಳಿದಾಗ "ಆಡಿಯೇ ನೋಡು" ಎಂದು ಹಿರಿಯರ ಧಾಟಿಯಲ್ಲಿ ಜಾರಿಕೊಂಡೆ.

ಪರ್ವರಿ ಪಯಣಿಗ · ಮಧ್ಯಾಹ್ನ 2:31

ಯೂಟ್ಯೂಬ್‌ನಲ್ಲಿ ನೋಡಬಹುದಿತ್ತಲ್ಲ?

ಡೊಂಬಿವಲಿಯವನು · ಮಧ್ಯಾಹ್ನ 2:33

ಬೇರೆಯವರ ಎಲೆಯಲ್ಲಿ ಬಡಿಸಿದ್ದನ್ನು ನೋಡಿದರೆ ಹೊಟ್ಟೆ ತುಂಬುತ್ತದೆಯೇ?

ಕೋಥ್ರೂಡ್ ಅಕ್ಕ · ಮಧ್ಯಾಹ್ನ 3:10

ನಿಮ್ಮ ಮತ ಅಸಿಂಧು. ಹತ್ತರ ಕೊನೆಯ ಹದಿನೈದು ನಿಮಿಷ ಇಲ್ಲದಿದ್ದರೆ ಅದು ಚೆಂದದ ಸಮುದ್ರ ತೋರಿಸುವ ಆಟ, ಅಷ್ಟೆ. ಆ ಕೊನೆ ಗೊತ್ತಾದ ಮೇಲೆ ಮೊದಲ ದೃಶ್ಯದಿಂದ ಎಲ್ಲವೂ ಬೇರೆಯಾಗುತ್ತದೆ. ಅಂತ್ಯ ನೋಡದವರು ಅದನ್ನು ಮೆಚ್ಚಿದ್ದೇವೆ ಎನ್ನಬಹುದು, ಶ್ರೇಷ್ಠ ಎನ್ನುವ ಹಕ್ಕಿಲ್ಲ.

ಮುಲುಂಡ್ ಭಾಗವತ · ಮಧ್ಯಾಹ್ನ 3:52

ಒಪ್ಪುವುದಿಲ್ಲ ಅಕ್ಕಾ. ನನ್ನ ಅಜ್ಜ ಊರಲ್ಲಿ ರಾತ್ರಿಯಿಡೀ ನಡೆಯುವ ಆಟಗಳಿಗೆ ಹೋಗುತ್ತಿದ್ದರು. ಬೆಳಗ್ಗೆ ಗದ್ದೆಗೆ ಹೋಗಬೇಕಾದ್ದರಿಂದ ಎರಡು ಗಂಟೆಗೆ ಎದ್ದು ಬರುತ್ತಿದ್ದರು. ಎಷ್ಟೋ ಪ್ರಸಂಗಗಳ ಕೊನೆಯನ್ನು ಅವರು ರಂಗದ ಮೇಲೆ ನೋಡಿದ್ದೇ ಇಲ್ಲ. ಆದರೆ ಒಬ್ಬ ಕರ್ಣ ವೇಷಧಾರಿ ಒಂದೂವರೆ ಗಂಟೆಗೆ ಹೇಳಿದ ಅರ್ಥವನ್ನು ಸಾಯುವವರೆಗೂ ಹೇಳುತ್ತಿದ್ದರು. ಅವರಿಗೆ ಆ ಕರ್ಣ ಇಷ್ಟವಿರಲಿಲ್ಲ ಎಂದು ಹೇಳಲಾದೀತೇ? ಇಲ್ಲಿ ಮುಂಬಯಿಯ ಸಭಾಗೃಹಗಳಲ್ಲಿ ಮೂರು ಗಂಟೆಯೊಳಗೆ ಮಂಗಳ ಹಾಡಿ ಮುಗಿಸುತ್ತೇವೆ. ಎಲ್ಲರೂ ಕೊನೆ ನೋಡುತ್ತಾರೆ, ಮನೆಗೆ ಹೋಗುವ ರಿಕ್ಷಾದಲ್ಲೇ ಮರೆಯುತ್ತಾರೆ.

ಹಿಂಜವಡಿ ಗ್ಯಾಂಬಿಟ್ · ಸಂಜೆ 4:15

ಇದನ್ನು ಓದಿ ಒಂದು ಪರೀಕ್ಷೆ ಮಾಡಿಕೊಂಡೆ. ಹನ್ನೆರಡನ್ನು ನಾನು ನಾಲ್ಕು ಸಲ ಮುಗಿಸಿದ್ದೇನೆ, 2017ರ ಆವೃತ್ತಿಯನ್ನೂ ಸೇರಿಸಿ. ಅದರಲ್ಲಿ ಆಟದ ವೇಗವನ್ನು ನಾಲ್ಕು ಪಟ್ಟು ಮಾಡಬಹುದು. ಕೊನೆಯಲ್ಲಿ ಏನಾಗುತ್ತದೆ ಎಂದು ಕಣ್ಣು ಮುಚ್ಚಿ ನೆನಪಿಸಿಕೊಂಡೆ. ಆಕಾಶದಲ್ಲಿ ಒಂದು ದೊಡ್ಡ ಕೋಟೆ ಬೀಳುತ್ತದೆ. ಯಾರೋ ಯಾರಿಗೋ ಪತ್ರ ಬರೆಯುತ್ತಾರೆ. ಅಷ್ಟೇ ಬಂತು. ಗ್ಯಾಂಬಿಟ್ ಪಟ್ಟಿಯನ್ನು ಮಾತ್ರ ಸಾಲು ಸಾಲಾಗಿ ಹೇಳಬಲ್ಲೆ. ಯಾರ ಮತ ಅಸಿಂಧು?

ಥಾಣೆ ತಡರಾತ್ರಿ · ಸಂಜೆ 4:18

ಇಬ್ಬರದೂ.

ಚಿಂಚ್‌ವಡದ ಅಳಿಯ · ಸಂಜೆ 6:40

ನಮಸ್ಕಾರ. ಮಾವ ಈ ಚರ್ಚೆಯ ಕೊಂಡಿ ಕಳುಹಿಸಿದ್ದರು, ಪೂರ್ತಿ ಓದಿದೆ. ಯಾರೂ ಒಂದು ವಿಷಯ ಕೇಳಲಿಲ್ಲ: ನನ್ನ ಬಳಿ ಇರುವುದು ಫೋನ್ ಮಾತ್ರ. ಹುಡುಕಿದಾಗ ಮೊದಲ ಆರು ಭಾಗಗಳು ಪಿಕ್ಸೆಲ್ ರೀಮಾಸ್ಟರ್ ಎಂಬ ನವೀಕರಿಸಿದ ರೂಪದಲ್ಲಿ ಫೋನ್‌ಗೆ ಸಿಗುತ್ತವೆ ಎಂದು ತಿಳಿಯಿತು. ನಿಮ್ಮಲ್ಲಿ ಆರನ್ನು ಇಬ್ಬರು ಹೇಳಿದಿರಿ, ಅದರ ಕಥೆಯನ್ನೂ ಅರ್ಧ ಹೇಳಿಬಿಟ್ಟಿರಿ. ಆದ್ದರಿಂದ ಯಾರೂ ಹೇಳದ ಐದನ್ನು ತೆಗೆದುಕೊಂಡೆ. ಕಡಲ್ಗಳ್ಳರ ನಾಯಕ ಫಾರಿಸ್ ಗಂಡಸಲ್ಲ ಎಂಬಲ್ಲಿಯವರೆಗೆ ಬಂದಿದ್ದೇನೆ. ಚೆನ್ನಾಗಿದೆ. ಮುಂದಿನದನ್ನು ದಯವಿಟ್ಟು ಯಾರೂ ಹೇಳಬೇಡಿ.

ಮುಲುಂಡ್ ಭಾಗವತ · ಸಂಜೆ 6:55

ಐದು! 1992ರ ಐದು! ಜಪಾನಿನ ಹೊರಗೆ ಏಳು ವರ್ಷ ಕಾಯಿಸಿದ ಭಾಗ. ವೇಷ ಬದಲಿಸಿದಂತೆ ವೃತ್ತಿ ಬದಲಿಸುತ್ತಾ ಹೋಗು ಮಗು, ಒಂದರ ವಿದ್ಯೆಯನ್ನು ಇನ್ನೊಂದಕ್ಕೆ ಒಯ್ಯಬಹುದು. ಗಿಲ್ಗಮೇಶ್ ಎಂಬುವನು ಸಿಕ್ಕಾಗ ಇಲ್ಲಿ ಬಂದು ಹೇಳು. ಬೇರೆ ಒಂದಕ್ಷರವೂ ಹೇಳುವುದಿಲ್ಲ.

ವಾಸ್ಕೊ ಬಂಗುಡೆ · ಸಂಜೆ 7:01

ಖಳನ ಬಗ್ಗೆ ಹೇಳಲು ಬೆರಳು ತುರಿಸುತ್ತಿದೆ. ಮೊಬೈಲ್ ಕೆಳಗಿಡುತ್ತಿದ್ದೇನೆ.

ಡೊಂಬಿವಲಿಯವನು · ಭಾನುವಾರ ರಾತ್ರಿ 10:48

ಅಳಿಯ ನನ್ನ ಮಾತು ಕೇಳಲಿಲ್ಲ. ಸರಿ, ನಾನಾದರೂ ಕೇಳೋಣವೆಂದು ನಿನ್ನೆ ರಾತ್ರಿ ಎಂಟರ 2019ರ ರೀಮಾಸ್ಟರ್ ಕೊಂಡೆ. ಹಳೆಯ ಮೆಮೊರಿ ಕಾರ್ಡ್ ಇದರಲ್ಲಿ ನಡೆಯುವುದಿಲ್ಲವಲ್ಲ, ಮೊದಲಿನಿಂದಲೇ ಆಡಬೇಕು. ಇವತ್ತು ಮಧ್ಯಾಹ್ನ ಊಟವಾದ ಮೇಲೆ ಕುಳಿತವನು ಈಗ ಎದ್ದೆ.

ಕೋಥ್ರೂಡ್ ಅಕ್ಕ · ರಾತ್ರಿ 10:52

ಎಲ್ಲಿಯವರೆಗೆ ಬಂತು? ಟಿಂಬರ್ ರೈಲು ದಾಟಿತೇ?

ಡೊಂಬಿವಲಿಯವನು · ರಾತ್ರಿ 10:55

ಶಾಲೆಯ ಗೇಟು ದಾಟಿಲ್ಲ. ಎರಡನೆಯ ಮಹಡಿಯಲ್ಲಿ ಒಬ್ಬ ಇಸ್ಪೀಟಿನಂತಹ ಎಲೆಗಳನ್ನು ಕೊಟ್ಟ, ಟ್ರಿಪಲ್ ಟ್ರಯಾಡ್. ಆಗಿನಿಂದ ಹುಡುಗರೊಡನೆ, ಹುಡುಗಿಯರೊಡನೆ ಅದನ್ನೇ ಆಡುತ್ತಿದ್ದೇನೆ. ಇದನ್ನು ಮರೆತೇಬಿಟ್ಟಿದ್ದೆ.

ಹಿಂಜವಡಿ ಗ್ಯಾಂಬಿಟ್ · ರಾತ್ರಿ 11:02

ಅದು ವ್ಯರ್ಥವಲ್ಲ. ಗೆದ್ದ ಎಲೆಗಳನ್ನು ವಸ್ತುಗಳಾಗಿ, ವಸ್ತುಗಳನ್ನು ಮಂತ್ರಗಳಾಗಿ ಮಾರ್ಪಡಿಸಿಕೊಳ್ಳಿ, ಶತ್ರುಗಳಿಂದ ಒಂದೊಂದೇ ಸೆಳೆಯುವ ಕೆಲಸ ತಪ್ಪುತ್ತದೆ. ನಿಮ್ಮ ಮಟ್ಟ ಏರಿದಂತೆ ಶತ್ರುಗಳ ಮಟ್ಟವೂ ಏರುವ ಆಟ ಅದು, ಆದ್ದರಿಂದ ಹೋರಾಡದೆ ಎಲೆ ಆಡಿದಷ್ಟೂ ಲಾಭ. ಒಂದೇ ಎಚ್ಚರಿಕೆ: ಬೇರೆ ಊರಿನ ನಿಯಮಗಳನ್ನು ನಿಮ್ಮ ಶಾಲೆಯಿರುವ ಬಾಲಂಬ್‌ಗೆ ಅಂಟಿಸಿಕೊಂಡು ಬರಬೇಡಿ. "ರ‍್ಯಾಂಡಮ್" ಎಂಬ ನಿಯಮ ಒಮ್ಮೆ ಹರಡಿದರೆ ನಿಮ್ಮ ಒಳ್ಳೆಯ ಎಲೆಗಳು ಕೈಗೆ ಬಾರವು.

ಥಾಣೆ ತಡರಾತ್ರಿ · ರಾತ್ರಿ 11:05

ಅಲ್ಲಿ ಒಬ್ಬ ಹುಡುಗಿ ಇಪ್ಪತ್ತು ವರ್ಷಗಳಿಂದ ಆಕಾಶದಲ್ಲಿ ತೇಲುತ್ತಿದ್ದಾಳೆ, ಇವರು ಎಲೆ ಆಡುತ್ತಿದ್ದಾರೆ.

ಡೊಂಬಿವಲಿಯವನು · ರಾತ್ರಿ 11:07

ಇನ್ನೊಂದೇ ಆಟ. ಇವನ ಕೈಯಲ್ಲಿ ಇಫ್ರಿಟ್‌ಗೆ ಸಾಟಿಯಾದದ್ದು ಏನೋ ಇದೆ.

ಚಿಂಚ್‌ವಡದ ಅಳಿಯ · ರಾತ್ರಿ 11:09

ಮಾವ, ಇಫ್ರಿಟ್‌ನ ಎಲೆ ಸಿಗುವುದು ಬೆಂಕಿಯ ಗುಹೆಯಲ್ಲಂತೆ. ನೀವು ಗೇಟು ದಾಟಿಲ್ಲ ಎಂದಿರಿ. ಅವನಿಗೆ ಸಾಟಿ ಎಂದು ನಿಮಗೆ ಹೇಗೆ ಗೊತ್ತು?

ಡೊಂಬಿವಲಿಯವನು · ರಾತ್ರಿ 11:10

ಹೋಗಿ ಮಲಗು.